ಬಾಯಿ ಮುಚ್ಚಿ ಆಡಿದ ಮೇದೂನ್ ಜೋಪ್

ನಮ್ಮ ತಿಯೆಸ್ ಊರಿನಲ್ಲಿ, ರೈಲ್ವೆ ವರ್ಕ್‌ಶಾಪಿನ ಹಿಂದಿನ ಬೀದಿಯಲ್ಲಿ, ಮೇದೂನ್ ಜೋಪ್ ಕಾರಿನ ಸೀಟುಗಳಿಗೆ ಕವರು ಹೊಲಿಯುತ್ತಿದ್ದ. ಅದು ಹೊಟ್ಟೆಪಾಡು. ನಿನ್ನ ಕಸುಬು ಏನು ಅಂತ ಯಾರಾದರೂ ಕೇಳಿದರೆ ಮಾತ್ರ ಅವನು ಹೊಲಿಗೆ ಯಂತ್ರದ ಕಡೆ ನೋಡದೆ ಬೇವಿನ ಮರದ ಕಡೆ ಕೈ ತೋರಿಸುತ್ತಿದ್ದ. ಮರದ ಕೆಳಗೆ ಎರಡು ಬೆಂಚು, ನಡುವೆ ಹಳೇ ಲಾರಿಯ ಹಲಗೆಯಿಂದ ಮಾಡಿದ ಮಣೆ, ಕಾಯಿ ಹಾರಿಸಿ ಹೊಡೆಯುವ ದಾಮ್ ಆಟಕ್ಕೆ. ಹತ್ತು ಸಾಲು, ಸಾಲಿಗೆ ಹತ್ತು ಮನೆ, ಒಬ್ಬೊಬ್ಬರಿಗೆ ಇಪ್ಪತ್ತು ಕಾಯಿ. ಮಣೆಯ ಬಣ್ಣ ಮೂರು ಸಲ ಬದಲಾಗಿತ್ತು, ಎದುರು ಕೂರುವವರು ನೂರಾರು ಸಲ ಬದಲಾಗಿದ್ದರು, ಗೆಲ್ಲುವವನು ಮಾತ್ರ ಬದಲಾಗಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಸೋತಿಲ್ಲ ಅಂತ ಮೇದೂನ್ ಹೇಳಿಕೊಳ್ಳುತ್ತಿದ್ದ. ಅದರಲ್ಲಿ ಸುಳ್ಳು ಬಹಳ ಕಡಿಮೆ.

ಹೇಗೆ ಗೆಲ್ಲುತ್ತಿದ್ದ ಅನ್ನುವುದನ್ನೂ ಹೇಳಿಬಿಡಬೇಕು. ಎದುರಿನವನ ಬೆರಳು ಕಾಯಿ ಮುಟ್ಟುವುದೇ ತಡ, ಮೇದೂನನ ಬಾಯಿ ಶುರುವಾಗುತ್ತಿತ್ತು.

"ಅದನ್ನಾ? ಅದನ್ನ ನಡೆಸ್ತೀಯಾ? ಸರಿಯಪ್ಪ, ನಿನ್ನಿಷ್ಟ. ನಿಮ್ಮಮ್ಮ ಒಳ್ಳೇ ಹೆಂಗಸು, ಆಯಮ್ಮನ ಮುಖ ನೋಡ್ಕೊಂಡು ಹೇಳ್ತಿದೀನಿ, ಅದನ್ನ ಮುಟ್ಬೇಡ. ಮುಟ್ಟಿದ್ಯಾ? ಮುಗೀತು. ಬಿರಾನ್, ನಿನ್ನ ಟ್ಯಾಕ್ಸಿಗೆ ಬ್ರೇಕ್ ಇಲ್ಲ ಅಂತ ಊರಿಗೆಲ್ಲ ಗೊತ್ತು, ತಲೆಗೂ ಇಲ್ವೇನೋ?"

ಟ್ಯಾಕ್ಸಿ ಓಡಿಸುವ ಬಿರಾನ್ ಪಾಪ, ಇಪ್ಪತ್ತು ವರ್ಷದಿಂದ ಸೋಲುತ್ತಿದ್ದ. ಅವನು ತಬ್ಬಿಬ್ಬಾಗಿ ಇನ್ನೊಂದು ಕಾಯಿಗೆ ಕೈ ಹಾಕಿದರೆ, ಮೇದೂನ್ ತನ್ನ ಕಾಯಿಯನ್ನು ಆಡು ಬೆಚ್ಚಿ ಓಡುವಂತೆ ಮಣೆಗೆ ಬಡಿದು ನಾಲ್ಕು ಕಾಯಿ ಗುಡಿಸಿಕೊಳ್ಳುತ್ತಿದ್ದ. ಹೊಡೆಯಲೇಬೇಕಾದ ಕಾಯಿಯನ್ನು ಎದುರಿನವನು ಗಾಬರಿಯಲ್ಲಿ ಹೊಡೆಯದೆ ಬಿಟ್ಟರಂತೂ ಹಬ್ಬ. ಬೇವಿನ ಮರದ ಕಾನೂನಿನ ಪ್ರಕಾರ, ಕೆಲಸ ಮರೆತ ಆ ಕಾಯಿಯನ್ನು ಎತ್ತಿ, ಬಾಯಿಯ ಹತ್ತಿರ ತಂದು, 'ಉಫ್' ಅಂತ ಊದಿ ಆಚೆ ಇಡಬಹುದು. ಊದಿದ ಕಾಯಿ ಸತ್ತ ಹಾಗೆ. ಮೇದೂನನಷ್ಟು ಸೊಗಸಾಗಿ, ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ ಊದುವವನು ಈ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಲ್ಲ.

ಒಂದೇ ಒಂದು ಮಧ್ಯಾಹ್ನ ಎಡವಟ್ಟಾಗಿತ್ತು. ತಿವಾವಾನ್ ಕಡೆಯಿಂದ ಚಪ್ಪಲಿ ರಿಪೇರಿ ಮಾಡುವ ಒಬ್ಬಾತ ಬಂದು ಬೆಂಚಿನ ಮೇಲೆ ಕೂತ. ತಣ್ಣಗಿನ ಮನುಷ್ಯ, ಮುಖದ ತುಂಬ ನಗು. ಮೇದೂನ್ ಎಂದಿನಂತೆ ಬಾಯಿ ಬಿಚ್ಚಿದ. ಆತನ ತಾತನಿಂದ ಹಿಡಿದು ಆತನ ದಬ್ಬಳದವರೆಗೆ ಒಂದನ್ನೂ ಬಿಡಲಿಲ್ಲ. ಆತ ನಗುನಗುತ್ತಲೇ ಮೂರು ಆಟ ಸಾಲಾಗಿ ಗೆದ್ದು, ಕೈ ಕುಲುಕಿ, ಚೀಲ ಹೆಗಲಿಗೇರಿಸಿಕೊಂಡು ಹೊರಟ. ಆತನಿಗೆ ಕಿವಿ ಕೇಳಿಸುವುದಿಲ್ಲ ಅಂತ ಮರದ ಕೆಳಗಿನವರಿಗೆ ಗೊತ್ತಾಗಿದ್ದು ಆತ ಬಸ್ಸು ಹತ್ತಿದ ಮೇಲೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇದೂನ್ ಕೂಡ ನಕ್ಕ, ಆದರೆ ಆವತ್ತು ಊಟ ಸೇರಲಿಲ್ಲ.

ಬೀದಿಯ ಆಚೆ ಬದಿಯಲ್ಲಿ ಅಲಸಂದೆ ಕಾಳಿನ ಪಲ್ಯವನ್ನು ಬ್ರೆಡ್ಡಿನೊಳಗೆ ತುಂಬಿ ಮಾರುತ್ತಿದ್ದ ಅವನ ಹೆಂಡತಿ ಮರೇಮ್ ಆ ಮೂರೂ ಆಟ ನೋಡಿದ್ದಳು.

"ಈಗ ಗೊತ್ತಾಯ್ತಲ್ಲ ಜೋಪ್," ಅಂದಳು. "ನೀವು ಆಡೋದು ಬಾಯಲ್ಲಿ, ತಲೇಲಲ್ಲ. ಮಾತು ಕೇಳಿಸದೋರ ಮುಂದೆ ನಿಮ್ಮ ಕೈಲಿ ಏನೂ ಇಲ್ಲ."

ಮರೇಮ್ ಹುಟ್ಟಿದ್ದು ನ್ಜಾಯ್ ಮನೆತನದಲ್ಲಿ. ಜೋಪರಿಗೂ ನ್ಜಾಯ್‌ಗಳಿಗೂ ಇರುವುದು ಬೈಗುಳದ ನೆಂಟಸ್ತಿಕೆ. ಯಾವ ಕಾಲದಲ್ಲಿ ಯಾರು ಶುರುಮಾಡಿದರೋ, ಒಬ್ಬ ಜೋಪ್ ಒಬ್ಬ ನ್ಜಾಯ್‌ನನ್ನು ಕಂಡರೆ 'ನಮ್ಮ ಮನೆಯ ಆಳು', 'ಅನ್ನಬಾಕ' ಅಂತ ಬೈಯಲೇಬೇಕು. ಆ ಕಡೆಯವನು ಅದಕ್ಕೆ ಎರಡರಷ್ಟು ಸೇರಿಸಿ ವಾಪಸ್ ಬೈಯಬೇಕು. ಇಬ್ಬರೂ ಸಿಟ್ಟಾಗುವಂತಿಲ್ಲ, ಬೈಯದೆ ಹೋದರೇ ಅವಮಾನ. ಪೊಲೀಸಿನವನು ನ್ಜಾಯ್ ಆಗಿದ್ದರೆ, ಲೈಸೆನ್ಸಿನಲ್ಲಿ ಜೋಪ್ ಅಂತ ಓದಿ ಮೊದಲು ಬಾಯಿತುಂಬ ಬೈಯುತ್ತಾನೆ, ಬೈದ ಖುಷಿಗೆ ಒಮ್ಮೊಮ್ಮೆ ದಂಡ ಬಿಟ್ಟೂಬಿಡುತ್ತಾನೆ. ಇಂಥ ಎರಡು ಮನೆತನ ಒಂದೇ ಸೂರಿನ ಕೆಳಗೆ ಸಂಸಾರ ಮಾಡಿದರೆ ಹೇಗಿರಬೇಡ! ಮೂವತ್ತೊಂದು ವರ್ಷದಲ್ಲಿ ಮರೇಮ್ ಗಂಡನನ್ನು ಒಮ್ಮೆಯೂ ಹೊಗಳಿರಲಿಲ್ಲ. ಹೊಗಳಿದ್ದರೆ ತವರಿನವರು ಇವಳ ಮೈಗೆ ಹುಷಾರಿಲ್ಲವೇನೋ ಅಂತ ಹಣ್ಣು ಹಿಡಿದುಕೊಂಡು ನೋಡಲು ಬರುತ್ತಿದ್ದರು.

ಅವಳ ಬೈಗುಳಕ್ಕೆಲ್ಲ ಮೇದೂನನ ಬಳಿ ಉತ್ತರವಿರುತ್ತಿತ್ತು. ಈ ಮಾತು ಮಾತ್ರ ಬೇರೆ. ಇದು ನ್ಜಾಯ್ ಮನೆತನದ ಬೈಗುಳವೋ, ಕಣ್ಣಿದ್ದವಳು ಕಂಡದ್ದನ್ನು ಹೇಳಿದ ಮಾತೋ ಅನ್ನುವುದೇ ಅವನಿಗೆ ತಿಳಿಯಲಿಲ್ಲ. ಆಮೇಲೆ ಮರದ ಕೆಳಗೆ ಗೆದ್ದಾಗಲೆಲ್ಲ ಒಳಗೊಂದು ಹುಳ ಕೊರೆಯುತ್ತಿತ್ತು: ಗೆದ್ದದ್ದು ತಾನೋ, ತನ್ನ ನಾಲಿಗೆಯೋ?

ಹೀಗಿರುವಾಗ ಗೋಮಿಸ್ ಮೇಷ್ಟ್ರು ತಮ್ಮ ಪ್ಯೂಜೋ ಕಾರಿನ ಸೀಟು ಹೊಲಿಸಲು ಬಂದರು. ಮೇಷ್ಟ್ರು ದಾಮ್ ಸಂಘದ ಕಾರ್ಯದರ್ಶಿ. ಮುಂದಿನ ವಾರ ರೈಲ್ವೆಯವರ ಸಭಾಂಗಣದಲ್ಲಿ ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯುವುದಿತ್ತು. ಕ್ಯಾಮರೂನ್, ಮಾಲಿ, ಗಿನಿ, ಬೆನಿನ್, ಹಾಲೆಂಡು ಅಂತ ಎಲ್ಲೆಲ್ಲಿಂದಲೋ ಆಟಗಾರರು ಬರುವವರಿದ್ದರು. ಒಟ್ಟು ಹತ್ತು ಜನ, ಒಬ್ಬೊಬ್ಬರಿಗೆ ಒಂಬತ್ತು ಆಟ. ಅಷ್ಟರಲ್ಲಿ ಚಾಡ್ ದೇಶದವನು ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ.

"ಒಂಬತ್ತು ಜನ ಆದ್ರೆ ದಿನಾ ಒಬ್ಬ ಸುಮ್ನೆ ಕೂರ್ಬೇಕಾಗತ್ತೆ ಮೇದೂನ್," ಅಂದರು ಮೇಷ್ಟ್ರು. "ನೀನು ಬಂದು ಆ ಕುರ್ಚೀಲಿ ಕೂತ್ಕೋ. ಗೆಲ್ಲೋದೇನೂ ಬೇಡ."

"ಗೆಲ್ಲೋದು ಬೇಡ ಅಂದ್ರೆ ಏನ್ ಮೇಷ್ಟ್ರೆ? ಬಂದೋರನ್ನೆಲ್ಲ ಅಳಿಸಿ ಕಳಿಸ್ತೀನಿ."

ಮೇಷ್ಟ್ರು ತಲೆ ಕೆರೆದುಕೊಂಡರು. "ಒಂದೇ ಒಂದು ವಿಷ್ಯ. ಅಲ್ಲಿ ಮಾತಾಡೋ ಹಾಗಿಲ್ಲ."

"ಯಾವಾಗ?"

"ಆಟ ಮುಗಿಯೋವರ್ಗೂ."

ಮೇದೂನ್ ಕತ್ತರಿ ಕೆಳಗಿಟ್ಟ. "ಆಟ ಎಷ್ಟು ಹೊತ್ತು?"

"ನಾಕು ಗಂಟೆ ಆದ್ರೂ ಆಗ್ಬೋದು."

ಬೀದಿಯ ಆ ಬದಿಯಿಂದ ಸೌಟು ಬಿದ್ದ ಸದ್ದಾಯಿತು. ಮರೇಮ್ ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಗುತ್ತಿದ್ದಳು.

"ಹೋಗಿ ಜೋಪ್, ಹೋಗಿ! ಬಾಯಿ ಮುಚ್ಕೊಂಡು ಒಂದು ಆಟ, ಒಂದೇ ಒಂದು ಆಟ ಸೋಲ್ದೆ ಎದ್ದು ಬನ್ನಿ. ನೀವು ಆಡೋದು ತಲೇಲಿ ಅಂತ ಬೀದಿ ನಡುವೆ ನಿಂತ್ಕೊಂಡು ಒಪ್ಕೋತೀನಿ."

"ಗೆಲ್ಲೋದು ಬೇಡ್ವಾ?"

"ಸೋಲ್ದಿದ್ರೆ ಸಾಕು. ನಾನು ಧಾರಾಳಿ."

ಬೀದಿಗೆ ಬೀದಿಯೇ ಸಾಕ್ಷಿಯಾಗಿತ್ತು. ಮೇದೂನ್ ಹೋಗುತ್ತೇನೆಂದು ಎದೆ ತಟ್ಟಿಕೊಂಡ. ಎದೆಯೊಳಗೆ ಮಾತ್ರ ಆ ಚಪ್ಪಲಿಯವನ ನಗುಮುಖವೇ ಕೂತಿತ್ತು.

ಮೊದಲ ದಿನ ಕ್ಯಾಮರೂನಿನವನ ಎದುರು ಆಟ. ಮೇದೂನ್ ಇಸ್ತ್ರಿ ಮಾಡಿದ ನೀಲಿ ನಿಲುವಂಗಿ ತೊಟ್ಟು ಹೋಗಿ, ಮೊದಲ ಕಾಯಿಯನ್ನೇ ಬೇವಿನ ಮರದ ಕೆಳಗೆ ಬಡಿಯುವಂತೆ ಬಡಿದ. ಪಕ್ಕದ ಮೇಜಿನ ಕಾಯಿಗಳೂ ಕುಣಿದವು. ಹಾಲೆಂಡಿನಿಂದ ಬಂದಿದ್ದ ತೀರ್ಪುಗಾರ್ತಿ ಹಿಸ್ಕೆ ಅನ್ನುವ ಎತ್ತರದ ಹೆಂಗಸು, ಕನ್ನಡಕವನ್ನು ದಾರಕ್ಕೆ ಕಟ್ಟಿ ಕತ್ತಿಗೆ ಹಾಕಿಕೊಂಡಿದ್ದವಳು, ಬಂದು ಒಂದು ಬೆರಳು ಎತ್ತಿದಳು. ಮೊದಲ ಎಚ್ಚರಿಕೆ. ನಾಲ್ಕನೇ ನಡೆಯಲ್ಲಿ ಕ್ಯಾಮರೂನಿನವನು ಒಂದು ಕಾಯಿ ಮುಟ್ಟಿದ, ಮೇದೂನನ ಬಾಯಿಂದ ತಾನಾಗಿಯೇ "ಅಯ್ಯೋ ಪಾಪ" ಅಂತ ಬಂದುಬಿಟ್ಟಿತು. ಎರಡು ಬೆರಳು. ಮೂರನೇ ಬೆರಳೆದ್ದರೆ ಆಟವೇ ಹೋಗುತ್ತದೆ ಅಂತ ಮೇಷ್ಟ್ರು ದೂರದಿಂದ ಕೈಸನ್ನೆ ಮಾಡಿದರು. ಮೇದೂನ್ ತುಟಿ ಬಿಗಿದುಕೊಂಡ. ಆಗ ಒಂದು ಭಯಂಕರ ಸಂಗತಿ ನಡೆಯಿತು. ಮಾತು ನಿಂತ ಕೂಡಲೇ ಯೋಚನೆಯೂ ನಿಂತಿತು. ಇಪ್ಪತ್ತಾರು ವರ್ಷ ಅವನ ಯೋಚನೆ ನಾಲಿಗೆಯ ಬೆನ್ನ ಮೇಲೆ ಸವಾರಿ ಮಾಡಿತ್ತು, ಈಗ ಕೆಳಗಿಳಿದು ನಡೆ ಅಂದರೆ ಅದಕ್ಕೆ ಕಾಲೇ ಇರಲಿಲ್ಲ. ಮಧ್ಯಾಹ್ನದ ಮೀನಿನ ಅನ್ನ ಒಲೆಗೆ ಏರುವ ಮೊದಲೇ ಅವನು ಸೋತು ಮನೆಯಲ್ಲಿದ್ದ.

"ಇಷ್ಟು ಬೇಗ?" ಅಂದಳು ಮರೇಮ್. "ಈರುಳ್ಳಿನೂ ಹೆಚ್ಚಿರ್ಲಿಲ್ಲ."

ಮಾರನೇ ದಿನದಿಂದ ಅವನು ಒಂದು ಉಪಾಯ ಮಾಡಿದ. ಹಲ್ಲುಜ್ಜುವ ಕಡ್ಡಿಯನ್ನು ಬಾಯಲ್ಲಿ ಅಡ್ಡ ಕಚ್ಚಿಕೊಂಡು ಕೂತ. ನಮ್ಮೂರಲ್ಲಿ ಗಂಡಸರು ಅರ್ಧ ದಿನ ಕಡ್ಡಿ ಕಚ್ಚಿಕೊಂಡೇ ಓಡಾಡುತ್ತಾರಾದ್ದರಿಂದ ಯಾರಿಗೂ ಅದು ವಿಚಿತ್ರವೆನ್ನಿಸಲಿಲ್ಲ. ಮಾತು ಬಂದಾಗಲೆಲ್ಲ ಕಡ್ಡಿ ಜಗಿದ. ಬೆನಿನ್‌ನವನಿಗೆ ಸೋತ, ಗಿನಿಯವನಿಗೆ ಸೋತ, ಹಾಲೆಂಡಿನ ಹುಡುಗನಿಗೆ ಸೋತ. ದಿನಕ್ಕೊಂದು ಕಡ್ಡಿ ಮುಗಿಯಿತು. ಸೋತ ಮೇಲೆ ಸಭಾಂಗಣದ ಮುಂದಿನ ಬಾಗಿಲಲ್ಲಿ ಬೇವಿನ ಮರದವರು ನಿಂತಿರುತ್ತಾರೆ ಅಂತ ಅಡಿಗೆಮನೆಯ ಕಡೆಯ ಬಾಗಿಲಿನಿಂದ ಜಾರಿಕೊಳ್ಳುತ್ತಿದ್ದ.

ಎರಡನೇ ದಿನದಿಂದ ಮರೇಮ್ ತನ್ನ ಪಾತ್ರೆ ಪಡಗವನ್ನು ಸಭಾಂಗಣದ ಗೇಟಿಗೆ ತಂದಿಟ್ಟಿದ್ದಳು. "ವ್ಯಾಪಾರಕ್ಕೆ ಬಂದಿದೀನಿ, ನಿಮ್ಮನ್ನ ನೋಡೋಕಲ್ಲ," ಅಂತ ಮೊದಲೇ ಹೇಳಿದ್ದಳು. ವ್ಯಾಪಾರವೂ ಚೆನ್ನಾಗಿತ್ತು, ಹಿಸ್ಕೆಯಮ್ಮ ದಿನಾ ಎರಡು ಬ್ರೆಡ್ಡು ತಿನ್ನುತ್ತಿದ್ದಳು. ಆದರೆ ಒಂದು ವಿಷಯ ಮರೇಮಳ ಕಣ್ಣಿಗೆ ಬಿದ್ದಿತ್ತು. ಮೊದಲ ದಿನ ಗಂಡ ಹನ್ನೊಂದಕ್ಕೆ ಸೋತಿದ್ದ. ಮೂರನೇ ದಿನ ಸೋಲುವ ಹೊತ್ತಿಗೆ ಹನ್ನೆರಡೂವರೆ. ಆರನೇ ದಿನ ಅವಳ ಪಲ್ಯವೆಲ್ಲ ಮುಗಿದು ಪಾತ್ರೆ ತೊಳೆದಿಟ್ಟರೂ ಅವನು ಹೊರಗೆ ಬಂದಿರಲಿಲ್ಲ.

"ಇವತ್ತು ಲೇಟಾಗಿ ಸೋತ್ರಿ," ಅಂದಳು.

ಮೇದೂನ್ ಅವಳ ಮುಖ ನೋಡಿದ. ಬೈಗುಳವೇ ಇರಬೇಕು ಅಂದುಕೊಂಡ. ಆದರೆ ಅವನಿಗೂ ಒಳಗೊಳಗೆ ಏನೋ ಆಗುತ್ತಿತ್ತು. ಐದನೇ ಆಟದಲ್ಲೋ ಆರನೆಯದರಲ್ಲೋ, ಕಡ್ಡಿ ಜಗಿಯುತ್ತ ಕೂತಿದ್ದಾಗ, ಕಾಯಿಗಳು ತಾವಾಗಿಯೇ ಅವನಿಗೆ ಕಾಣಿಸತೊಡಗಿದ್ದವು. ಅಷ್ಟು ವರ್ಷ ಅವನು ಎದುರಿನವನ ಮುಖ ನೋಡಿದ್ದೇ ಹೆಚ್ಚು, ಮಣೆ ನೋಡಿದ್ದು ಕಡಿಮೆ. ಈಗ ನೋಡಿದರೆ ಅಲ್ಲಿ ದಾರಿಗಳಿದ್ದವು, ಬಾಗಿಲುಗಳಿದ್ದವು, ಐದು ನಡೆಯಾಚೆ ಬರುವ ಪೆಟ್ಟು ಇಲ್ಲೇ ನೆರಳು ಬಿಟ್ಟಿರುತ್ತಿತ್ತು. ಎಂಟನೇ ಆಟ ಮುಗಿದಾಗ ಮೂರೂವರೆ ಗಂಟೆ ಆಗಿತ್ತು. ಅದನ್ನೂ ಸೋತ. ಎಂಟು ಆಟ, ಎಂಟು ಸೊನ್ನೆ. ಉಳಿದದ್ದು ಒಂದು.

ಒಂಬತ್ತನೇ ದಿನ ಮರೇಮ್ ಅಲಸಂದೆ ನೆನೆಹಾಕಿರಲಿಲ್ಲ. ಕಿತ್ತಳೆ ಬಣ್ಣದ ಮದುವೆಮನೆ ಬಟ್ಟೆ ಉಟ್ಟು, ತಲೆಗೆ ಅದೇ ಬಣ್ಣದ ಬಟ್ಟೆ ಎತ್ತರಕ್ಕೆ ಸುತ್ತಿಕೊಂಡು, ಬೇವಿನ ಮರದವರ ಜೊತೆ ಸಭಾಂಗಣದ ಬೆಂಚಿನ ಮೇಲೆ ಬಂದು ಕೂತಳು. ಮೇದೂನ್ ಅವಳನ್ನು ಕಂಡು ನಿಲುವಂಗಿಯ ಕೊರಳು ಸರಿಮಾಡಿಕೊಂಡ. ಆಮೇಲೆ ಎದುರಿನ ಕುರ್ಚಿಯ ಮುಂದಿದ್ದ ಹೆಸರಿನ ಚೀಟಿಯನ್ನು ಎರಡು ಸಲ ಓದಿದ. 'ಮಾಲಿ, ಬಾಕಾರಿ ಜಾರಾ.'

ನಮ್ಮ ಕಡೆಯ ನ್ಜಾಯ್‌ಗಳೇ ಮಾಲಿಯಲ್ಲಿ ಜಾರಾಗಳು, ಎರಡೂ ಒಂದೇ ಮನೆತನ. ಇದು ಮಕ್ಕಳಿಗೂ ಗೊತ್ತು. ಅಂದರೆ ಎದುರು ಕೂತಿದ್ದವನು ಮೇದೂನ್ ಬೈಯಲೇಬೇಕಾದ ಮನುಷ್ಯ. ಅದೂ ಎಂಥವನು! ಮೂವತ್ತು ವರ್ಷ ನಮ್ಮೂರಿನ ಮೇಲೆ ಹೋಗುವ ಬಮಾಕೋ ರೈಲಿನಲ್ಲಿ ಟಿಕೆಟ್ ನೋಡಿ ನಿವೃತ್ತನಾದವನು, ನಮ್ಮ ಭಾಷೆ ನಮಗಿಂತ ಚೆನ್ನಾಗಿ ಆಡುವವನು, ಅಗಲ ಮುಖ, ಬಿಳಿ ಟೋಪಿ. ಅವನು ಮೇದೂನನ ಚೀಟಿ ಓದಿದ. ಅವನ ಮೀಸೆ ಸ್ವಲ್ಪ ಅಲುಗಿತು. ಆದರೆ ಹಿಸ್ಕೆ ಗಡಿಯಾರ ಒತ್ತಿಯಾಗಿತ್ತು. ಒಬ್ಬ ಜೋಪ್ ಮತ್ತು ಒಬ್ಬ ಜಾರಾ ಮೂರು ಗಂಟೆ ಕಾಲ ಎದುರುಬದುರು ಕೂತು ಒಂದೂ ಬೈಗುಳವಿಲ್ಲದೆ ಆಡಿದರು. ಇಬ್ಬರ ಹಣೆಯಲ್ಲೂ ಬೆವರು.

ಆಟ ಮಾತ್ರ ಚೆನ್ನಾಗಿತ್ತು. ಮೇದೂನ್ ಸೋಲುವ ಕಡೆಗೇ ಜಾರುತ್ತಿದ್ದ, ಆದರೆ ಅವನಿಗೆ ಒಂದು ದಾರಿ ಕಂಡಿತ್ತು. ತನ್ನ ಮೂರು ಕಾಯಿಯನ್ನು ಬೇಕೆಂದೇ ಒಡ್ಡಬೇಕು. ಜಾರಾ ಆ ಮೂರನ್ನು ಹೊಡೆಯುತ್ತಾನೆ, ಹೊಡೆಯಲೇಬೇಕು, ಯಾಕೆಂದರೆ ಹೆಚ್ಚು ಕಾಯಿ ಸಿಗುವ ಕಡೆಗೇ ಹೊಡೆಯಬೇಕೆಂಬುದು ಕಾನೂನು. ಆಗ ಅವನ ಮನೆಬಾಗಿಲು ತೆರೆಯುತ್ತದೆ. ತಾನು ನಾಲ್ಕು ಹೊಡೆದು ಕೊನೆಯ ಸಾಲು ಮುಟ್ಟಿ, ಎತ್ತ ಬೇಕಾದರೂ ಓಡುವ ರಾಣಿ ಪಡೆಯಬಹುದು. ಗೆಲುವು ಸಿಗುವುದಿಲ್ಲ, ಅದನ್ನೂ ಲೆಕ್ಕ ಹಾಕಿದ್ದ. ಆಟ ಸಮ ಆಗುತ್ತದೆ. ಸೋಲುವುದಿಲ್ಲ. ಇಪ್ಪತ್ತು ನಿಮಿಷ ಕಡ್ಡಿ ಜಗಿದು, ಮೂರು ಸಲ ತಾಳೆ ನೋಡಿ, ಸದ್ದಿಲ್ಲದೆ ಕಾಯಿ ಒಡ್ಡಿದ.

ಜಾರಾನ ಗಡಿಯಾರದಲ್ಲಿ ಐದೇ ನಿಮಿಷ ಉಳಿದಿತ್ತು. ಅವಸರದಲ್ಲಿ ಅವನ ಕಣ್ಣಿಗೆ ಎಡಗಡೆಯ ಎರಡು ಕಾಯಿ ಬಿತ್ತು, ಬಲಗಡೆಯ ಮೂರು ಬೀಳಲಿಲ್ಲ. ಎರಡನ್ನು ಹೊಡೆದು ಗಡಿಯಾರ ಒತ್ತಿದ.

ಮುಂದೆ ಆದದ್ದಕ್ಕೆ ಮೇದೂನನ ತಲೆ ಕಾರಣವಲ್ಲ, ಕೈ ಕಾರಣ. ಇಪ್ಪತ್ತಾರು ವರ್ಷದ ಕೈ. ಅದು ತಾನಾಗಿ ಮುಂದೆ ಹೋಗಿ, ಮೂರು ಹೊಡೆಯಬೇಕಿದ್ದ ಜಾರಾನ ಕಾಯಿಯನ್ನು ಎತ್ತಿ ಬಾಯಿಯ ಹತ್ತಿರ ತಂದಿತು. ಕೆನ್ನೆ ಉಬ್ಬಿತು. ಕಣ್ಣು ಮುಚ್ಚಿತು.

"ಉಫ್!"

ಬಾಯಲ್ಲಿದ್ದ ಕಡ್ಡಿ ಬಾಣದಂತೆ ಹಾರಿ ಜಾರಾನ ಟೋಪಿಗೆ ತಗುಲಿ ಮಣೆಯ ಮಧ್ಯಕ್ಕೆ ಬಿತ್ತು. ಬೇವಿನ ಮರದವರು "ಊದ್ದ! ಊದ್ದ!" ಅಂತ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಉಳಿದ ಎಂಟು ಆಟಗಾರರು ಕತ್ತೆತ್ತಿ ನೋಡಿದರು. ಹಿಸ್ಕೆ ಗಡಿಯಾರ ನಿಲ್ಲಿಸಿ ಓಡಿ ಬಂದಳು, ಹಿಂದೆಯೇ ಭಾಷಾಂತರಕ್ಕೆ ಗೋಮಿಸ್ ಮೇಷ್ಟ್ರು.

ಊದುವ ಕಾನೂನು ಈ ಸ್ಪರ್ಧೆಗಳಲ್ಲಿ ಇಲ್ಲ, ತನ್ನಪ್ಪ ಹುಟ್ಟುವ ಮೊದಲೇ ತೆಗೆದುಹಾಕಿದ್ದಾರೆ ಅಂತ ಹಿಸ್ಕೆ ಹೇಳಿದಳು. ಇಲ್ಲಿ ಆಗಿರುವುದು ಎರಡು ತಪ್ಪು. ಎರಡೇ ಹೊಡೆದದ್ದು ಜಾರಾನ ತಪ್ಪು, ಅದನ್ನು ಸರಿಪಡಿಸಬೇಕೋ ಹಾಗೇ ಬಿಡಬೇಕೋ ಅಂತ ಜೋಪ್ ಹೇಳಬೇಕು. ಕಾಯಿ ಊದಿದ್ದು ಜೋಪನ ತಪ್ಪು, ಅದನ್ನು ಸರಿಪಡಿಸಬೇಕೋ ಬಿಡಬೇಕೋ ಅಂತ ಜಾರಾ ಹೇಳಬೇಕು.

"ಮೊದಲು ನೀವು ಹೇಳಿ, ಮಿಸ್ಟರ್ ಜಾರಾ," ಅಂದಳು.

"ಅಂದ್ರೆ ನಾನು ಈಗ ಮಾತಾಡ್ಬೋದಾ?" ಅಂತ ಕೇಳಿದ ಜಾರಾ.

"ಆಡಬಹುದು."

ಜಾರಾ ಎದ್ದು ನಿಂತು ಟೋಪಿ ಸರಿಮಾಡಿಕೊಂಡ. "ಅಮ್ಮಾ, ಈ ಮನುಷ್ಯ ಜೋಪ್. ಇವ್ರು ನಮ್ಮ ಮುತ್ತಾತನ ಕಾಲದಿಂದ ನಮ್ಮ ಮನೆ ಜೀತದಾಳುಗಳು. ಅನ್ನ ಕಂಡ್ರೆ ಇವ್ರ ಕೈ ನಿಲ್ಲಲ್ಲ. ನನ್ನ ಕಾಯಿನ ಅನ್ನದುಂಡೆ ಅಂದ್ಕೊಂಡು ಬಾಯಿಗೆ ತಗೊಂಡ, ಬಿಸಿ ಇತ್ತೇನೋ, ಊದ್ಕೊಂಡ. ನಮ್ಮಾಳು ನನ್ನ ತಟ್ಟೆಯಿಂದ ತೆಗೆದಿದ್ದನ್ನ ನಾನು ವಾಪಸ್ ಕೇಳೋನಲ್ಲ. ಇರ್ಲಿ ಬಿಡಿ, ತಿನ್ಲಿ."

ಮೇಷ್ಟ್ರು ಮೇಷ್ಟ್ರಲ್ಲವೇ, ಒಂದು ಪದವನ್ನೂ ಬಿಡದೆ ಭಾಷಾಂತರಿಸಿದರು. ಹಿಸ್ಕೆಯ ಮುಖ ಕೆಂಪಾಯಿತು. ಒಬ್ಬ ಆಟಗಾರ ಇನ್ನೊಬ್ಬನ ಕುಲವನ್ನೇ ಹೀಗಳೆದದ್ದು ತನ್ನ ಇಪ್ಪತ್ತು ವರ್ಷದಲ್ಲಿ ಇದೇ ಮೊದಲು, ಜಾರಾನನ್ನು ಸ್ಪರ್ಧೆಯಿಂದಲೇ ಹೊರಗೆ ಹಾಕುತ್ತೇನೆ ಅಂತ ಪೆನ್ನು ತೆಗೆದಳು.

ಮೇದೂನ್ ಶಾಲೆಯ ಹುಡುಗನಂತೆ ಕೈ ಎತ್ತಿದ. "ಅಮ್ಮಾ, ಬರೀಬೇಡಿ! ಅವ್ರು ನಂಗೆ ಮರ್ಯಾದೆ ಕೊಟ್ಟಿದ್ದು."

"ನಿಮ್ಮನ್ನ ಜೀತದಾಳು ಅಂದಿದ್ದಾರೆ!"

"ಅದು ಹಸೀ ಸುಳ್ಳು. ಇವ್ರ ತಾತ ನಮ್ಮ ಮನೇಲಿ ಕತ್ತೆ ಕಾಯ್ತಿದ್ದ. ಸಂಬಳ ಅಂತ ದಿನಾ ಒಂದು ಬೋಗುಣಿ ಅನ್ನ ಹಾಕ್ತಿದ್ವಿ, ಕತ್ತೆ ಪಾಲಿಂದೂ ಅವ್ನೇ ತಿಂದು ಕತ್ತೆ ಸತ್ತೋಯ್ತು. ಆ ಕತ್ತೆ ಸಾಲ ಇನ್ನೂ ತೀರಿಲ್ಲ."

ಒಂಬತ್ತು ದಿನ ಕಟ್ಟಿದ್ದ ಬಾಯಿ, ಕಟ್ಟೆ ಒಡೆದಂತೆ ಹರಿಯಿತು. ಜಾರಾ ಹೊಟ್ಟೆ ಕುಲುಕಿಸಿ ನಗುತ್ತ, "ಬಂದು ಹತ್ತು ದಿನ ಆಯ್ತು, ಈ ಊರಲ್ಲಿ ನನ್ನನ್ನ ಬೈಯೋಕೆ ಒಬ್ಬ ಜೋಪ್ ಸಿಕ್ಕಿರ್ಲಿಲ್ಲ ಕಣಯ್ಯ! ಅನಾಥ ಆಗ್ಬಿಟ್ಟಿದ್ದೆ!" ಅಂದ. ಅಷ್ಟರಲ್ಲಿ ಬೆಂಚಿನ ಸಾಲಿನಿಂದ ಕಿತ್ತಳೆ ಬಣ್ಣ ಎದ್ದು ನಿಂತಿತು.

"ಜೋಪ್! ನಮ್ಮಣ್ಣನ್ನ ಏನಾದ್ರೂ ಅಂದ್ರೆ ನೋಡಿ!"

"ಆಕೆ ಯಾರು?" ಅಂತ ಹಿಸ್ಕೆ ಕೇಳಿದಳು.

"ನನ್ನ ಹೆಂಡ್ತಿ."

"ಯಾರ ಪರ?"

"ಅವನ ಪರ," ಅಂದ ಮೇದೂನ್. ಹಿಸ್ಕೆ ಕನ್ನಡಕ ತೆಗೆದು ಒರೆಸಿ, ಬರೆಯಲು ಹೊರಟಿದ್ದ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡಳು. ನಿಮ್ಮ ಮನೆಯ ವ್ಯವಹಾರ ಮುಗಿದಿದ್ದರೆ, ಎರಡನೇ ತೀರ್ಮಾನವನ್ನು ಹೇಳಿ, ಮಿಸ್ಟರ್ ಜೋಪ್ ಅಂದಳು.

ಮೇದೂನ್ ಮಣೆ ನೋಡಿದ. 'ಹಾಗೇ ಬಿಡಿ' ಅಂದರೆ ಊದಿದ ಕಾಯಿ ಹೋಯಿತು. ಅದು ಹೋದರೆ ಜಾರಾನ ಮನೆಗೆ ಕಾವಲಿಲ್ಲ, ಹತ್ತು ನಡೆಯಲ್ಲಿ ಗೆಲುವು. ಸಮ ಅಲ್ಲ, ಗೆಲುವು! ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನಲ್ಲಿ ಮೇದೂನ್ ಜೋಪ್ ಮಾಲಿಯವನನ್ನು ಸೋಲಿಸಿದ ಅಂತ ಸಾಯುವವರೆಗೂ ಹೇಳಿಕೊಂಡು ತಿರುಗಬಹುದು. ಮರೇಮಳ ಶರತ್ತೂ ತೀರುತ್ತದೆ. ಅವಳೇ ಹೇಳಿದ್ದಳಲ್ಲ, ಸೋಲದಿದ್ದರೆ ಸಾಕು ಅಂತ.

ಆದರೆ ಆ ಕಾಯಿ ಹೋದದ್ದು ಹೇಗೆ? ಬಾಯಿಂದ. ಮತ್ತೆ ಬಾಯಿಂದಲೇ. ಇಪ್ಪತ್ತು ನಿಮಿಷ ತಲೆಯಲ್ಲಿ ನೇಯ್ದದ್ದು ಮಣೆಯ ಮೇಲೆ ಹಾಗೇ ಬಿದ್ದಿತ್ತು, ಯಾರೂ ನೋಡಿರಲಿಲ್ಲ.

"ತಪ್ಪು ಸರಿಮಾಡ್ಬೇಕು," ಅಂದ ಮೇದೂನ್. ಧ್ವನಿ ಅವನಿಗೇ ಹೊಸದಾಗಿ ಕೇಳಿಸಿತು. "ನನ್ನ ಎರಡು ಕಾಯಿನೂ ವಾಪಸ್ ಬರ್ಲಿ, ಅವರದೂ ಬರ್ಲಿ. ಅವರು ಮೂರು ಹೊಡೀಲಿ."

"ಹುಚ್ಚು ಹಿಡೀತೇನೋ ನಿಂಗೆ!" ಅಂತ ಬಿರಾನ್ ಹಿಂದಿನಿಂದ ಕೂಗಿದ. ಹಿಸ್ಕೆ ಅವನ ಕಡೆಗೊಂದು ಬೆರಳೆತ್ತಿದಳು.

ಕಾಯಿಗಳು ಹಿಂದಿನ ಜಾಗಕ್ಕೆ ಹೋದವು. ಜಾರಾ ಮೂರು ಹೊಡೆಯಲು ಕೈ ಚಾಚಿ ಅಲ್ಲೇ ನಿಂತ. ಹೊಡೆದ ಮೇಲೆ ಏನಾಗುತ್ತದೆ ಅನ್ನುವುದು ಅವನಿಗೆ ಆಗ ಕಂಡಿತು. ತಲೆ ಎತ್ತಿ ಮೇದೂನನ ಮುಖ ನೋಡಿದ. ಆ ನೋಟದಲ್ಲಿ ತಮಾಷೆಯಿರಲಿಲ್ಲ. ಒಬ್ಬ ಆಟಗಾರ ಇನ್ನೊಬ್ಬ ಆಟಗಾರನನ್ನು ನೋಡಿದ, ಅಷ್ಟೇ. ಮೂರು ಹೊಡೆದ. ಮೇದೂನ್ ಹೊಸ ಕಡ್ಡಿಯೊಂದನ್ನು ಬಾಯಿಗಿಟ್ಟುಕೊಂಡು, ಸದ್ದಿಲ್ಲದೆ ನಾಲ್ಕು ಹೊಡೆದು, ರಾಣಿಯನ್ನು ಕೊನೆಯ ಸಾಲಿನಲ್ಲಿ ಮೆಲ್ಲಗೆ ಕೂರಿಸಿದ. ಮುಂದಿನ ಇಪ್ಪತ್ತು ನಡೆ ಜಾರಾ ಆ ರಾಣಿಯನ್ನು ಹಿಡಿಯಲು ತನಗೆ ಗೊತ್ತಿದ್ದ ಬಲೆಯನ್ನೆಲ್ಲ ಬೀಸಿದ. ಅದು ಸಿಕ್ಕಲಿಲ್ಲ. ಕೊನೆಗೆ ಅವನೇ ಕೈ ಮುಂದೆ ಮಾಡಿದ. ಆಟ ಸಮ.

ಒಂದು ಅಂಕ. ಹತ್ತು ಜನರಲ್ಲಿ ಹತ್ತನೆಯವನು. ಗೆದ್ದ ಕ್ಯಾಮರೂನಿನವನಿಗೆ ಬಟ್ಟಲು ಕೊಟ್ಟು ಹಾರ ಹಾಕಿದರು, ಅವನ ಹೆಸರು ನಮ್ಮ ಬೀದಿಯಲ್ಲಿ ಯಾರಿಗೂ ನೆನಪಿಲ್ಲ.

ಮೇದೂನ್ ಆವತ್ತು ಮುಂದಿನ ಬಾಗಿಲಿನಿಂದಲೇ ಹೊರಗೆ ಬಂದ. ಮೆಟ್ಟಿಲ ಕೆಳಗೆ ಬೇವಿನ ಮರದವರೆಲ್ಲ ಸೇರಿದ್ದರು. "ಎರಡು ಅಂಕ ಕೈಲಿತ್ತಲ್ಲೋ! ಊದಿ ಆಗಿತ್ತಲ್ಲೋ!" ಅಂತ ಬಿರಾನ್ ಹಣೆ ಚಚ್ಚಿಕೊಳ್ಳುತ್ತಿದ್ದ. ಮರೇಮ್ ಅವನನ್ನು ಪಕ್ಕಕ್ಕೆ ಸರಿಸಿ ರಸ್ತೆಯ ಮಧ್ಯಕ್ಕೆ ಬಂದು ನಿಂತಳು. ಕುದುರೆಗಾಡಿಯವನೊಬ್ಬ ಲಗಾಮು ಎಳೆದು ನಿಲ್ಲಿಸಿಕೊಂಡು ಕಾದ.

"ಜೋಪ್," ಅಂದಳು ಮರೇಮ್, ಎಲ್ಲರಿಗೂ ಕೇಳುವ ಹಾಗೆ. "ಊದಿ ಗೆದ್ದಿದ್ರೂ ಯಾರೂ ಏನೂ ಅಂತಿರ್ಲಿಲ್ಲ. ನಾನೂ ಒಪ್ಕೋತಿದ್ದೆ, ಶರತ್ತು ಅಂದ್ರೆ ಶರತ್ತು. ನೀವು ವಾಪಸ್ ಇಟ್ರಿ. ನೀವು ತಲೇಲೇ ಆಡೋದು. ಇಷ್ಟು ವರ್ಷ ನಾನು ತಪ್ಪು ತಿಳ್ಕೊಂಡಿದ್ದೆ."

ಮೇದೂನ್ ಕಾದ. ಜನರೂ ಕಾದರು. ಮಾತಿನ ಹಿಂದೆ ಬಾಲದಂತೆ ಬೈಗುಳ ಬಂದೇ ಬರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು.

"ಆಮೇಲೆ?" ಅಂದ ಮೇದೂನ್.

"ಆಮೇಲೆ ಏನೂ ಇಲ್ಲ. ಚೆನ್ನಾಗಿ ಆಡಿದ್ರಿ."

ಮೇದೂನ್ ಎರಡು ಹೆಜ್ಜೆ ಹತ್ತಿರ ಬಂದು ದನಿ ತಗ್ಗಿಸಿದ.

"ಬೈಯೇ ಮರೇಮ್. ಒಂದು ಮಾತು ಬೈಯಿ. ಅನ್ನಬಾಕ ಅನ್ನು, ಆಳು ಅನ್ನು. ಇಲ್ಲಾಂದ್ರೆ ಇಲ್ಲೇ ಅತ್ತುಬಿಡ್ತೀನಿ, ಇವ್ರೆಲ್ಲ ನೋಡ್ತಿದಾರೆ."

"ಅಳಿ," ಅಂದಳು ಮರೇಮ್. "ಇವತ್ತು ಬೈಯಲ್ಲ."

ಮೇದೂನ್ ಜೋಪ್ ನೀಲಿ ನಿಲುವಂಗಿಯ ತೋಳನ್ನು ಮುಖಕ್ಕೆ ಒತ್ತಿಕೊಂಡು ಅತ್ತ. ಬೇವಿನ ಮರದವರು ಒಬ್ಬರೂ ನಗಲಿಲ್ಲ.